ಸಾಂತಾಕ್ಲಾಸ್ ಯಾರು?



ಡಿಸೆಂಬರ್ ಬಂತೆಂದರೆ ಮಕ್ಕಳು “ಸಾಂತಾ ಏನು ತರ್ತಾನೆ?” ಎಂದು ಕೇಳುತ್ತಾರೆ. ಈ ಅಜ್ಜನ ಮೂಲ ಸಂತ ನಿಕೋಲಸ್. ಇವರು 4ನೇ ಶತಮಾನದಲ್ಲಿ, ಇಂದಿನ ಟರ್ಕಿ ದೇಶಕ್ಕೆ ಸೇರಿದ ಮೈರಾ ಪಟ್ಟಣದ ಧರ್ಮಾಧ್ಯಕ್ಷರು. ಇವರ ಹಬ್ಬ ಡಿಸೆಂಬರ್ 6.

ಇವರ ಬಗ್ಗೆ ಒಂದು ಹಳೆಯ ಕಥೆಯಿದೆ. ಒಬ್ಬ ಬಡ ತಂದೆಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆಗೆ ಹಣವಿಲ್ಲದೆ ಮಕ್ಕಳನ್ನೇ ಮಾರುವ ಸ್ಥಿತಿ ಬಂದಿತ್ತು. ನಿಕೋಲಸರು ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರು. ಹೀಗೆ ಮೂರು ಸಲ. ಕೊನೆಗೆ ತಂದೆ ಕಾದಿದ್ದು ಹಿಡಿದಾಗ, “ಯಾರಿಗೂ ಹೇಳಬೇಡ” ಅಂದರಂತೆ.

ಹಾಲೆಂಡಿನಲ್ಲಿ ಈ ಹಬ್ಬಕ್ಕೆ ಮಕ್ಕಳು ಬೂಟು ಇಡುತ್ತಾರೆ, ದೊಡ್ಡವರು ಗುಟ್ಟಾಗಿ ಉಡುಗೊರೆ ತುಂಬುತ್ತಾರೆ. ಅಲ್ಲಿಯ ‘ಸಿಂಟರ್‌ಕ್ಲಾಸ್’ ಎಂಬ ಹೆಸರೇ ಅಮೆರಿಕದಲ್ಲಿ ಸಾಂತಾಕ್ಲಾಸ್ ಆಯಿತು.

ಗುಟ್ಟಾಗಿ ಕೊಟ್ಟದ್ದರಿಂದ ಆ ಮನೆಯ ಮಾನ ಉಳಿಯಿತು. ನಾವೋ ಒಂದು ಸೀರೆ, ಐದು ಕಿಲೋ ಅಕ್ಕಿ ಕೊಟ್ಟು ಫೋಟೋ ತೆಗೆಸುತ್ತೇವೆ. ಪಡೆದವರು ತಲೆ ತಗ್ಗಿಸುವಂತಾದರೆ ಅದು ಉಡುಗೊರೆಯಲ್ಲ. ಇನ್ನು ವರದಕ್ಷಿಣೆ: 1961ರ ಕಾಯ್ದೆಯಂತೆ ಕೇಳುವುದೂ ತಪ್ಪು, ಕೊಡುವುದೂ ತಪ್ಪು. ಆದರೂ ಹೆಣ್ಣು ಹೆತ್ತವರ ಕಣ್ಣೀರು ನಿಂತಿಲ್ಲ.

ಸಂಘದಲ್ಲಿ ಚರ್ಚಿಸಿ:
1. ಈ ಕ್ರಿಸ್‌ಮಸ್‌ಗೆ ಹೆಸರು ಹೇಳದೆ ಯಾರಿಗೆ ನೆರವಾಗಬಹುದು?
2. ನಮ್ಮ ಮನೆಯ ಗಂಡುಮಕ್ಕಳ ಮದುವೆಯಲ್ಲಿ ವರದಕ್ಷಿಣೆ ಬೇಡವೆನ್ನಲು ನಾವು ಸಿದ್ಧರೇ?