ತರಗತಿಯಲ್ಲಿ ಬಣ್ಣದ ಭೇದವೇ? ‘ಜಿಗ್ಸಾ’ ಪಾಠ ಮಾಡಿ ನೋಡಿ

‘ಕರಿಯ’, ‘ಚೈನೀಸ್’ ಎಂದು ಒಬ್ಬ ಹುಡುಗ ಕೂಗಿದರೆ ನಾಲ್ವರು ನಗುತ್ತಾರೆ. ಆ ನಗುವೇ ಅವನಿಗೆ ಶಹಬ್ಬಾಸ್‌ಗಿರಿ. ಮನೆಯಲ್ಲಿ ಇಂಥ ಮಾತು ಕೇಳಿರದ ಮಗುವೂ ಗೆಳೆಯರು ದೂರ ಮಾಡಿಯಾರೆಂಬ ಅಂಜಿಕೆಯಿಂದ ದನಿಗೂಡಿಸುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಮಗುವಾಗಲಿ, ಬೆಂಗಳೂರಿನಲ್ಲಿ ಓದುವ ಮಣಿಪುರದ ಮಗುವಾಗಲಿ, ನೋವು ಒಂದೇ. ಭೇದ ಬೆಳೆಯುವುದು ಗುಂಪಿನಲ್ಲಿ. ಒಬ್ಬನನ್ನು ನಿಲ್ಲಿಸಿ ಬುದ್ಧಿ ಹೇಳಿದರಷ್ಟೇ ಸಾಲದು; ಮದ್ದೂ ಗುಂಪಿನಲ್ಲೇ ಆಗಬೇಕು.

1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು ಹಾಗೂ ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಟ್ಟಿಗೆ ಕೂತಾಗ ಜಗಳ ಶುರುವಾಯಿತು. ಉತ್ತರ ಹೇಳಲು ಕೈಯೆತ್ತುವ ಪೈಪೋಟಿ ಹಗೆಯನ್ನು ಹೆಚ್ಚಿಸುತ್ತಿದೆ ಎಂದು ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಗುರುತಿಸಿದರು. ಅವರ ತಂಡ ರೂಪಿಸಿದ್ದೇ ಪಾಠವನ್ನು ಹಂಚಿಕೊಂಡು ಒಬ್ಬರಿಗೊಬ್ಬರು ಕಲಿಸುವ ಜಿಗ್ಸಾ ಪದ್ಧತಿ. ಕೆಲವೇ ವಾರಗಳಲ್ಲಿ ಸಹಪಾಠಿಗಳ ಮೇಲಿನ ಒಲವು ಹೆಚ್ಚಿತು, ಹಿಂದುಳಿದಿದ್ದ ಮಕ್ಕಳ ಅಂಕವೂ ಏರಿತು.

ಮಾಡುವ ಕ್ರಮ:

1. ಐದೈದು ಮಕ್ಕಳ ಗುಂಪು ಮಾಡಿ. ಬಣ್ಣ, ಭಾಷೆ, ಊರು, ಹುಡುಗ–ಹುಡುಗಿ ಎಲ್ಲ ಬೆರೆತಿರಲಿ. ಆಯ್ಕೆ ಶಿಕ್ಷಕರದೇ; ಮಕ್ಕಳಿಗೆ ಬಿಟ್ಟರೆ ಹಳೆಯ ಬಳಗವೇ ಮತ್ತೆ ಕೂಡುತ್ತದೆ.

2. ಪಾಠವನ್ನು ಐದು ಭಾಗ ಮಾಡಿ. ಕಾವೇರಿಯ ಪಾಠವಾದರೆ ಉಗಮ, ಉಪನದಿ, ಅಣೆಕಟ್ಟು, ಬೆಳೆ, ಕುಡಿಯುವ ನೀರು. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡಿ.

3. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗ ಸಿಕ್ಕ ಮಕ್ಕಳೆಲ್ಲ ಮೊದಲು ಒಟ್ಟಿಗೆ ಕೂತು ಚರ್ಚಿಸಲಿ. ಓದಿನಲ್ಲಿ ನಿಧಾನವಿರುವವರಿಗೂ ಆಗ ಧೈರ್ಯ ಬರುತ್ತದೆ.

4. ತಮ್ಮ ಗುಂಪಿಗೆ ಮರಳಿ, ಕಲಿತದ್ದನ್ನು ಉಳಿದವರಿಗೆ ಹೇಳಿಕೊಡಲಿ. ಯಾರಾದರೂ ಅಣಕಿಸಿದರೆ, ‘ಈ ಭಾಗ ಅವಳಿಗೆ ಮಾತ್ರ ಗೊತ್ತು, ಪರೀಕ್ಷೆಗೆ ಬರುತ್ತದೆ’ ಎಂದಷ್ಟೇ ನೆನಪಿಸಿ.

5. ಕೊನೆಗೆ ಇಡೀ ಪಾಠದ ಮೇಲೆ ಪ್ರತಿಯೊಬ್ಬರಿಗೂ ಕಿರುಪರೀಕ್ಷೆ ಕೊಡಿ.

ಒಂದು ದಿನಕ್ಕೆ ಫಲ ಸಿಗದು. ಕೆಲವು ವಾರ ಬಿಡದೆ ನಡೆಸಿ. ಗುಂಪುಗಳ ನಡುವೆ ಬಹುಮಾನದ ಸ್ಪರ್ಧೆ ಇಡಬೇಡಿ. ನಿಂದನೆ ಕಿವಿಗೆ ಬಿದ್ದರೆ ‘ಮಕ್ಕಳಾಟ’ ಎಂದು ಬಿಡದೆ ಅಲ್ಲೇ ತಡೆಯಿರಿ. ನೊಂದ ಮಗುವಿನೊಡನೆ ಬೇರೆಯಾಗಿ ಮಾತಾಡಿ.

ಪೋಷಕರಿಗೂ ಕೆಲಸವಿದೆ. ಮಗುವಿನ ಹುಟ್ಟುಹಬ್ಬಕ್ಕೆ ಯಾರು ಬರುತ್ತಾರೆ, ಯಾರನ್ನು ಎಂದೂ ಕರೆದಿಲ್ಲ ಎಂದು ಒಮ್ಮೆ ಪಟ್ಟಿ ನೋಡಿ. ಮುಂದಿನ ಸಲ ಬಿಟ್ಟುಹೋದ ಆ ಸಹಪಾಠಿಯನ್ನೂ ಮನೆಗೆ ಕರೆಯಿರಿ.