ಆರಿದ್ರೆಯನ್ನು ಮಾಗಿಯಲ್ಲಿ ನೋಡು

ವಕ್ಕಲೇರಿ

ಚಿರಂಜೀವಿ ಪುಟ್ಟಿಗೆ ತಾತ ಮಾಡುವ ಆಶೀರ್ವಾದಗಳು.

ಬೀಟಲ್‌ಜ್ಯೂಸ್ ಅನ್ನೋ ನಕ್ಷತ್ರ ಇವತ್ತೋ ನಾಳೆಯೋ ಸಿಡಿಯುತ್ತಂತೆ, ನಮಗೇನಾದರೂ ಆಗುತ್ತಾ ಅಂತ ಕೇಳಿದ್ದೀಯ. ಏನೂ ಆಗಲ್ಲ ಕಂದ. ಸಿಡಿಯೋಕೆ ಇನ್ನೂ ಲಕ್ಷ ವರ್ಷ ಹಿಡಿದರೂ ಹಿಡಿಯಬಹುದು ಅನ್ನುತ್ತಾರೆ ಬಲ್ಲವರು. ಅದಿರುವುದೂ 550ರಿಂದ 700 ಜ್ಯೋತಿರ್ವರ್ಷ ದೂರದಲ್ಲಿ. ನಮ್ಮೂರಲ್ಲಿ ಸಿಕ್ಕ ಚಾಲುಕ್ಯ ಕೀರ್ತಿವರ್ಮನ ತಾಮ್ರಶಾಸನ 757ರದು. ಅದನ್ನು ಕೊರೆದು ಶತಮಾನಗಳೇ ಕಳೆದ ಮೇಲೆ, ಹೆಚ್ಚುಕಡಿಮೆ ವಿಜಯನಗರದ ಕಾಲಕ್ಕೆ, ಆ ನಕ್ಷತ್ರದಿಂದ ಹೊರಟ ಬೆಳಕು ಈಗ ನಮ್ಮ ಕಣ್ಣಿಗೆ ಬೀಳುತ್ತಿದೆ.

ಅದು ಬೇರೆ ಯಾವುದೂ ಅಲ್ಲ, ನಮ್ಮ ಆರಿದ್ರೆ. ‘ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರೆ’ ಅಂತ ನಿಮ್ಮಜ್ಜಿ ಮೋಡ ನೋಡಿ ಗೊಣಗುತ್ತಾಳಲ್ಲ, ಅದೇ. ತಮಾಷೆ ಏನು ಗೊತ್ತಾ? ಆರಿದ್ರಾ ಮಳೆಯ ಕಾಲದಲ್ಲಿ, ಅಂದರೆ ಜೂನ್ ಕೊನೆಯಲ್ಲಿ, ಆ ನಕ್ಷತ್ರ ಕಾಣುವುದೇ ಇಲ್ಲ. ಸೂರ್ಯ ಆಗ ಅದರ ದಿಕ್ಕಿನಲ್ಲೇ ಇರುತ್ತಾನೆ. ಹಗಲಿಡೀ ಅವನ ಜೊತೆಗಿದ್ದು ಜೊತೆಗೇ ಮುಳುಗುತ್ತದೆ. ಸೂರ್ಯ ಅಲ್ಲಿರುವ ದಿನಗಳ ಮಳೆಯೇ ಆರಿದ್ರಾ ಮಳೆ. ಮಳೆಯ ಹೆಸರು ಬಾಯಲ್ಲಿರುವ ಎಷ್ಟೋ ಜನಕ್ಕೆ ನಕ್ಷತ್ರದ ಗುರುತಿಲ್ಲ. ನಿನಗಿರಲಿ ಅಂತ ನನ್ನಾಸೆ.

ಅದರ ಗಾತ್ರ ಕೇಳಬೇಡ! ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳ ಎರಡೂ ಅದರ ಹೊಟ್ಟೆಯೊಳಗೆ. ಸೂರ್ಯನನ್ನು ಬಿಟ್ಟರೆ ಅಳತೆಗೆ ಸಿಕ್ಕ ಮೊದಲ ನಕ್ಷತ್ರವೂ ಇದೇ. 1920ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಮೈಕೆಲ್‌ಸನ್ ಮತ್ತು ಪೀಸ್ ಅಳೆದರು. 2019ರ ಕೊನೆಗೆ ಮಂಕಾಗುತ್ತಾ ಬಂದು, 2020ರ ಫೆಬ್ರವರಿ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿದಿತ್ತು. ಸಿಡಿಯುತ್ತೆ ಅನ್ನೋ ಗುಲ್ಲೆದ್ದಿದ್ದು ಆಗಲೇ. ನಡೆದದ್ದು ಇಷ್ಟೇ: ಅದು ಉಗುಳಿದ ಅನಿಲ ತಣ್ಣಗಾಗಿ ಧೂಳಾಯಿತು, ಆ ಧೂಳು ಅಡ್ಡ ಬಂತು.

ಒಂದು ವೇಳೆ ಸಿಡಿದರೂ ಮೊದಲು ಬರುವುದು ಬೆಳಕಲ್ಲ, ನ್ಯೂಟ್ರಿನೋ ಅನ್ನುವ ಕಣಗಳು. ನಮ್ಮ ಕೆಜಿಎಫ್ ಗಣಿಯ ಆಳದಲ್ಲಿ 1965ರಲ್ಲೇ ನ್ಯೂಟ್ರಿನೋ ಹಿಡಿದಿದ್ದರು. ಅವು ನಮ್ಮ ವಾತಾವರಣದಲ್ಲಿ ಹುಟ್ಟಿದವು, ಆ ಮಾತು ಬೇರೆ. 2001ರಲ್ಲಿ ಗಣಿಯೇ ಮುಚ್ಚಿತು. ಚಿನ್ನದ ಕಥೆ ಹೇಳುವವರು ಈ ನ್ಯೂಟ್ರಿನೋ ಕಥೆಯನ್ನು ಯಾಕೆ ಹೇಳುವುದಿಲ್ಲವೋ!

ಸಂಕ್ರಾಂತಿಗೆ ಬಾ. ರಾತ್ರಿ ಎಂಟಕ್ಕೆ ಮಾರ್ಕಂಡೇಶ್ವರ ಬೆಟ್ಟದ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲು. ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ. ಅವುಗಳ ಎಡಕ್ಕೆ ಕೆಂಪಗಿರುವುದೇ ಆರಿದ್ರೆ, ಬಲಕ್ಕೆ ಬೆಳ್ಳಗಿರುವುದು ರೈಜೆಲ್. ದುರ್ಬೀನು ಬೇಡ, ಸ್ವೆಟರ್ ತಾ. ಅಜ್ಜಿ ಹಿತಕಿದಬೇಳೆ ಸಾರು ಮಾಡುತ್ತಾಳಂತೆ.

ಇಂತಿ,
ನಿನ್ನ ತಾತ