‘ಬಸವ’ ಎಂಬ ಹೆಸರು

ಸಂಸ್ಕೃತದ ‘ವೃಷಭ’ ಶಬ್ದದ ತದ್ಭವವೇ ‘ಬಸವ’. ಎತ್ತಿಗೂ ಶಿವನ ವಾಹನವಾದ ನಂದಿಗೂ ಸಲ್ಲುತ್ತಿದ್ದ ಈ ಹೆಸರು, 12ನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಂದ ಹೊಸ ಅರ್ಥವನ್ನು ಪಡೆಯಿತು. 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ‘ಬಸವಪುರಾಣ’ವು ಅವರನ್ನು ನಂದಿಯ ಅವತಾರವೆಂದೇ ಕೊಂಡಾಡಿತು.

ಬಸಪ್ಪ, ಬಸಯ್ಯ, ಬಸವರಾಜ, ಬಸವಲಿಂಗ ಎಂದು ಹೆಸರು ಕವಲೊಡೆಯಿತು. ಹೆಣ್ಣುಮಕ್ಕಳಲ್ಲಿ ಬಸವ್ವ, ಬಸಮ್ಮ ಎಂದಾಯಿತು. ಕೆಳದಿಯ ಅರಸರೂ, ಹೊಲದಲ್ಲಿ ಉಳುವ ರೈತರೂ, 1974ರಲ್ಲಿ ಭಾರತದ ಉಪರಾಷ್ಟ್ರಪತಿಗಳಾದ ಬಸಪ್ಪ ದಾನಪ್ಪ ಜತ್ತಿಯವರೂ ಈ ಒಂದೇ ಹೆಸರಿನ ಒಡೆಯರು. ಮೇಲು ಕೀಳನ್ನು ಅರಿಯದ ಹೆಸರಿದು.

ಒಂದೇ ತರಗತಿಯ ಹಾಜರಿ ಪುಸ್ತಕದಲ್ಲಿ ಹಲವು ಬಸವರಾಜರಿರುವುದು ನಮ್ಮ ಶಿಕ್ಷಕರಿಗೆ ಹೊಸತಲ್ಲ. ಆದರೆ ಎತ್ತಿನ ಹೆಸರನ್ನು ಹೊತ್ತವನಿಗೆ ನೊಗವೂ ಉಂಟೆಂಬುದನ್ನು ಆ ಮಕ್ಕಳಿಗೆ ತಿಳಿಸಬೇಕು. ಕಾಯಕಕ್ಕೆ ಹಿಂಜರಿಯದೆ, ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಿದಾಗಲೇ ಆ ಹೆಸರು ಸಾರ್ಥಕ.